ಹುಲ್ಲುಗಾವಲಿನ ಕವಿಯ ಸಂಗ್ರಹಾಲಯ

ಒಂದೆಡೆ ನೆಲೆಯಾಗಿ ನಿಲ್ಲದೆ, ಋತು ತಿರುಗಿದಂತೆಲ್ಲ ಗುಡಾರವನ್ನು ಕಳಚಿ ಒಂಟೆಯ ಮೇಲೆ ಹೇರಿಕೊಂಡು, ಕುದುರೆ ಕುರಿಗಳ ಮಂದೆಯ ಹಿಂದೆ ನಡೆದುಬಿಡುವ ಜನರು ತಮ್ಮ ಮಹಾಕವಿಯ ನೆನಪನ್ನು ಎಲ್ಲಿ ಇರಿಸಿಕೊಳ್ಳಬೇಕು? ಊರು ಕೇರಿಗಳಲ್ಲಿ ಬೇರೂರಿ ಬಾಳುವವರಿಗೆ ಈ ಪ್ರಶ್ನೆ ಏಳುವುದಿಲ್ಲ. ಕವಿಯು ಆಡಿದ ಜಗುಲಿ, ಓದಿದ ಮಠ, ಬರೆದ ಕಡತ, ಇವುಗಳಲ್ಲಿ ಒಂದಾದರೂ ಉಳಿದಿರುತ್ತದೆ. ಕಜಾಕ್ ಜನರಿಗೆ ಅಂತಹ ಅನುಕೂಲವಿರಲಿಲ್ಲ. ಅವರ ಕವಿಶ್ರೇಷ್ಠನಾದ ಅಬಾಯಿಯು ಸ್ವಹಸ್ತದ ಬರಹವಾಗಿ ಬಿಟ್ಟುಹೋದುದು ಅತ್ಯಲ್ಪ. ಬದುಕಿದ್ದಾಗ ಒಂದು ಪುಸ್ತಕವನ್ನಾದರೂ ಅಚ್ಚುಹಾಕಿಸಿದವನಲ್ಲ. ಹೀಗಿದ್ದೂ ಕಜಾಕಸ್ಥಾನದ ಪೂರ್ವಭಾಗದಲ್ಲಿ, ಇರ್ತಿಷ್ ನದಿಯ ದಡದಲ್ಲಿರುವ ಸೆಮೆಯ್ ನಗರದಲ್ಲಿ ಆತನ ಹೆಸರಿನ ಸಂಗ್ರಹಾಲಯವೊಂದು 1940ನೆಯ ಇಸವಿಯಿಂದ ನಡೆದುಬಂದಿದೆ. ಅದನ್ನು ನೋಡಹೋದವರು ಅಲ್ಲಿಯ ವಸ್ತುಗಳನ್ನು ನೋಡಿದರೆ ಸಾಲದು. ಕವಿಯ ಮಾತು ಯಾರ ಕೈಯಿಂದ ಯಾರ ಕೈಗೆ ದಾಟಿ ಇಲ್ಲಿಯವರೆಗೆ ಬಂದಿತೆಂಬುದನ್ನೂ ವಿಚಾರಿಸಬೇಕು. ಅಲ್ಲಿಯ ನಿಜವಾದ ಕಥೆ ಅದೇ ಎಂದು ನನಗೆ ತೋರುತ್ತದೆ.

ನಮ್ಮ ದೇಶದಿಂದ ಹೊರಡುವವರು ದೆಹಲಿಯಿಂದ ಅಲ್ಮಾಟಿಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಉತ್ತರಕ್ಕೆ ರೈಲು ಹಿಡಿಯಬಹುದು. ತುರ್ಕಿಸ್ಥಾನವನ್ನೂ ಸೈಬೀರಿಯವನ್ನೂ ಕೂಡಿಸಲೆಂದು ಹಾಕಿದ ಈ ರೈಲುದಾರಿ ಪೂರ್ತಿಯಾದುದು 1930ರಲ್ಲಿ. ಕಿಟಕಿಯ ಹೊರಗೆ ಗಂಟೆಗಟ್ಟಲೆ ಹುಲ್ಲಿನ ಬಯಲೇ ಬಯಲು. ಮರವೊಂದು ಕಂಡರೆ ಅಲ್ಲೊಂದು ತೊರೆಯಿದೆಯೆಂದು ತಿಳಿಯಬೇಕು. ಸೆಮೆಯ್ ನಗರವು 1718ರಲ್ಲಿ ರಷ್ಯನರು ಕಟ್ಟಿದ ಕೋಟೆಯಿಂದ ಬೆಳೆದುದು. 2007ರವರೆಗೆ ಅದಕ್ಕೆ ಸೆಮಿಪಲಾತಿನ್ಸ್ಕ್ ಎಂಬ ಉದ್ದನೆಯ ಹೆಸರಿದ್ದಿತು; ಏಳು ಮಹಲುಗಳ ಊರೆಂದು ಅದರ ಅರ್ಥ. ಆ ಮಹಲುಗಳು ಯಾವ ದೊರೆಯವೂ ಅಲ್ಲ, ಹಾಳುಬಿದ್ದಿದ್ದ ಬೌದ್ಧ ವಿಹಾರಗಳು! ಶಾಕ್ಯಮುನಿಯ ಧರ್ಮವು ನಮ್ಮ ನೆಲದಿಂದ ಹೊರಟು ಎಲ್ಲಿಯ ಹಿಮದವರೆಗೆ ನಡೆದುಹೋಗಿತ್ತೆಂಬುದನ್ನು ನೆನೆದರೆ ಬೆರಗಾಗುತ್ತದೆ. ಈಗ ಆ ವಿಹಾರಗಳ ಗುರುತಿಲ್ಲ, ಹೆಸರು ಮಾತ್ರ ಚರಿತ್ರೆಯಲ್ಲಿ ನಿಂತಿದೆ.

ಸಂಗ್ರಹಾಲಯಕ್ಕೂ ಮೊದಮೊದಲು ಸ್ವಂತ ಮನೆಯಿರಲಿಲ್ಲ. ಕವಿಯ ತೊಂಬತ್ತೈದನೆಯ ಜನ್ಮೋತ್ಸವದ ವರ್ಷದಲ್ಲಿ ಹುಟ್ಟಿದ ಅದು 1944ರಲ್ಲಿ ಅನಿಯಾರ್ ಮೊಲ್ಡಾಬಾಯೆವ್ ಎಂಬವನ ಮನೆಗೆ ಬಂದಿತು. ಅಬಾಯಿಯು ಪಟ್ಟಣಕ್ಕೆ ಬಂದಾಗ ಇಳಿದುಕೊಳ್ಳುತ್ತಿದ್ದ ಮನೆ ಅದು. 1967ರಲ್ಲಿ ಯೆರ್ಶೊವ್ ಎಂಬ ವರ್ತಕನ ಹಳೆಯ ಮಹಡಿಮನೆಗೆ ಸಾಗಿತು. 1995ರಲ್ಲಿ ಕವಿಯ ನೂರೈವತ್ತನೆಯ ವರ್ಷವನ್ನು ಲೋಕವೆಲ್ಲ ಆಚರಿಸಿದಾಗ ಆ ಮನೆಯನ್ನು ವಿಸ್ತರಿಸಿ ಈಗಿನ ರೂಪಕ್ಕೆ ತಂದರು. ಬಳಿಯಲ್ಲೇ ಅಹಮತ್ ರಿಜಾ ಎಂಬ ಗುರುವಿನ ಹೆಸರಿನ ಮಸೀದಿ ಮದರಸೆ ಇವೆ. ಬಾಲಕ ಅಬಾಯಿ ಅರಬ್ಬಿ ಪಾರಸಿಗಳನ್ನು ಕಲಿತದ್ದು ಈ ಗುರುವಿನಲ್ಲಿ.

ಕವಿಯ ಪೂರ್ಣನಾಮ ಅಬಾಯ್ ಕುನನ್‌ಬಾಯ್-ಉಲಿ. ಕನ್ನಡಿಗನ ಕಿವಿಗೆ ಉಲಿಯೆಂದರೆ ದನಿ. ಅವರ ನುಡಿಯಲ್ಲಿ ಅದು ಮಗನೆಂದಾಗುತ್ತದೆ. 1845ರಲ್ಲಿ ಚಿಂಗಿಸ್ ಬೆಟ್ಟಗಳ ಮಗ್ಗುಲಲ್ಲಿ ಹುಟ್ಟಿದ ಈ ಮಗುವಿಗೆ ಇಟ್ಟ ಹೆಸರು ಇಬ್ರಾಹೀಮ್. ಅಬಾಯಿ ಎಂದು ಕರೆದವಳು ಅಜ್ಜಿ ಜೆರೆ. ಎಚ್ಚರಿಕೆಯುಳ್ಳವನು, ಯೋಚಿಸಿ ನಡೆಯುವವನು ಎಂದು ಅದರ ಭಾವ. ತಂದೆ ಕುನನ್‌ಬಾಯಿಯು ಆ ಸೀಮೆಗೆಲ್ಲ ಹೆಸರಾದ ಪಾಳೆಯಗಾರನಂಥವನು, ಚಂಗೀಸಖಾನನ ವಂಶದವನಲ್ಲದಿದ್ದರೂ ಹಿರಿಯ ಸುಲ್ತಾನನ ಪದವಿಗೇರಿದವನು, ಮಕ್ಕಾಯಾತ್ರೆ ಮಾಡಿದವನು, ಕಠಿನನು. ಮನೆಯ ತಂಪೆಲ್ಲ ಅಜ್ಜಿಯ ಮತ್ತು ತಾಯಿ ಉಲ್ಜಾನಳ ಕಡೆಯದು. ಹಳೆಯ ಕಥೆ, ಗಾದೆ, ಹಾಡುಗಳು ಹುಡುಗನ ಮನಸ್ಸಿಗೆ ಇಳಿದದ್ದು ಇವರಿಬ್ಬರ ಮಡಿಲಿನಲ್ಲಿ. ತಂದೆಯ ಹೆಸರು ಚರಿತ್ರೆಗೆ ಸೇರಿತು. ಅಜ್ಜಿಯಿಟ್ಟ ಹೆಸರನ್ನು ಇಂದು ಒಂದು ಪ್ರಾಂತವೇ ಹೊತ್ತುಕೊಂಡಿದೆ. 2022ರಲ್ಲಿ ಸೆಮೆಯನ್ನು ಮುಖ್ಯಪಟ್ಟಣವನ್ನಾಗಿ ಮಾಡಿ ರಚಿಸಿದ ಹೊಸ ಪ್ರಾಂತಕ್ಕೆ ಅಬಾಯಿ ಎಂದೇ ನಾಮಕರಣವಾಯಿತು.

ಆ ಕಾಲದ ಬಾಳನ್ನು ಅರಿಯಬೇಕಾದರೆ ಗುಡಾರವನ್ನು ಅರಿಯಬೇಕು. ನಮ್ಮ ಓದುಗರಲ್ಲಿ ಗೃಹಿಣಿಯರಿಗೆ ಈ ವಿಷಯವು ರುಚಿಸೀತು. ಬೇಕಾದಾಗ ಹಿಗ್ಗಿಸಿ ಬೇಡವಾದಾಗ ಕುಗ್ಗಿಸಬಹುದಾದ ಮರದ ತಡಿಕೆಗಳೇ ಗೋಡೆ. ನೇಯದೆ, ಉಣ್ಣೆಯನ್ನು ತೋಯಿಸಿ ಬಡಿದು ಒತ್ತಿ ಮಾಡಿದ ದಪ್ಪ ಕಂಬಳಿಯೇ ಹೊದಿಕೆ. ನೆತ್ತಿಯಲ್ಲಿ ಶಾನರಕ್ ಎಂಬ ದುಂಡನೆಯ ಮರದ ಬಳೆ. ಹೊಗೆ ಹೋಗುವುದೂ ಬೆಳಕು ಬರುವುದೂ ಅದರ ಮೂಲಕ. ಕಂಬಳಿ ಹರಿದರೆ ಬೇರೆ ಮಾಡಿಕೊಳ್ಳುವರು, ತಡಿಕೆ ಮುರಿದರೆ ಬೇರೆ ಕಟ್ಟುವರು. ಶಾನರಕ್ ಮಾತ್ರ ತಂದೆಯಿಂದ ಮಗನಿಗೆ ಬರುವ ಸೊತ್ತು. ಹಿರಿಯ ಮಕ್ಕಳು ಬೇರೆ ಬಿಡಾರ ಹೂಡಿ ಹೋಗುವರು, ಒಲೆಯ ಹಕ್ಕು ಕಿರಿಯವನದು. ಇಂದಿನ ಕಜಾಕಸ್ಥಾನದ ರಾಜಲಾಂಛನದ ನಡುವೆ ಇರುವುದು ಈ ಬಳೆಯೇ. ಬಾಗಿಲಿಗೆ ಎದುರಾಗಿ, ಒಲೆಯ ಆಚೆಗಿರುವ ಸ್ಥಳವು ಅತಿಥಿಗೂ ಹಿರಿಯರಿಗೂ ಮೀಸಲು. ಪಾತ್ರೆ ಪಡಗ, ಹಾಲಿನ ತೊಗಲುಚೀಲ ಇವೆಲ್ಲ ಬಾಗಿಲ ಬಳಿ ಹೆಂಗಸರ ಕಡೆ. ಹೀಗೆ ಗೋಡೆಯಿಲ್ಲದೆಯೇ ನಡುಮನೆ, ಅಡಿಗೆಮನೆ, ದೇವರ ಮನೆಗಳಂತಹ ವಿಭಾಗಗಳನ್ನು ಕೇವಲ ಮರ್ಯಾದೆಯಿಂದ ಏರ್ಪಡಿಸಿಕೊಂಡಿದ್ದ ಜನ ಅವರು.

ಹದಿಮೂರನೆಯ ವಯಸ್ಸಿಗೆ ತಂದೆಯು ಮಗನನ್ನು ಓದು ಬಿಡಿಸಿ ಊರ ನ್ಯಾಯ ಪಂಚಾಯತಿಗಳ ಕೆಲಸಕ್ಕೆ ಕರೆಸಿಕೊಂಡನು. ಓದಿನ ಹಸಿವು ಹೀಗೆ ಅರ್ಧಕ್ಕೆ ನಿಂತವನು ಮುಂದೆ ದೊಡ್ಡವನಾಗಿ, ಮಕ್ಕಳ ತಂದೆಯಾಗಿ, ತಾನೇ ರಷ್ಯನ್ ಭಾಷೆಯನ್ನು ಕಲಿತು ಸೆಮೆಯ್ ಪಟ್ಟಣದ ಸಾರ್ವಜನಿಕ ಪುಸ್ತಕಭಂಡಾರದಲ್ಲಿ ಕುಳಿತನು. ಆ ಪಟ್ಟಣವು ತ್ಸಾರ್ ಸರಕಾರವು ತನಗಾಗದವರನ್ನು ಅಟ್ಟುತ್ತಿದ್ದ ಸ್ಥಳ. ಸೆರೆಮನೆಯಿಂದ ಬಿಡುಗಡೆಯಾದ ದಾಸ್ತಯೆವ್‌ಸ್ಕಿಯು ಸಿಪಾಯಿಯಾಗಿ 1854ರಿಂದ 1859ರವರೆಗೆ ಅಲ್ಲಿದ್ದನು. ಅದೇ ವರ್ಷಗಳಲ್ಲಿ ಅಬಾಯಿಯೂ ಅದೇ ಊರಿನ ಮದರಸೆಯ ಹುಡುಗ. ತರುವಾಯದ ಕಾಲದಲ್ಲಿ ಗಡೀಪಾರಾಗಿ ಬಂದ ಮಿಖಾಯೆಲಿಸ್ ಎಂಬ ವಿದ್ವಾಂಸನು ಕವಿಗೆ ಆಪ್ತನಾದನು. ಲೋಕಕ್ಕೆ ತನ್ನ ಕಣ್ಣು ತೆರೆಸಿದವನು ಈತನೇ ಎಂದು ಅಬಾಯಿ ಹೇಳುತ್ತಿದ್ದನೆಂದು ಪ್ರತೀತಿ. ಊಳಿಗಕ್ಕೆಂದು ದೂಡಿದ ಸರಕಾರವೇ ಬಯಲುಸೀಮೆಗೆ ಗುರುಗಳನ್ನು ಒದಗಿಸಿಕೊಟ್ಟಂತಾಯಿತು.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. 1885ರಲ್ಲಿ ಜಾರ್ಜ್ ಕೆನನ್ ಎಂಬ ಅಮೆರಿಕದ ಪತ್ರಿಕಾಲೇಖಕನು ಸೈಬೀರಿಯದ ಸೆರೆವಾಸಿಗಳ ಸ್ಥಿತಿಯನ್ನು ನೋಡಲು ಈ ಪಟ್ಟಣಕ್ಕೆ ಬಂದನು. ಪುಸ್ತಕಭಂಡಾರದಲ್ಲಿ ಮಿಲ್, ಬಕಲ್, ಡ್ರೇಪರ್ ಇವರ ಗ್ರಂಥಗಳಿದ್ದುದನ್ನು ಕಂಡು, ಇವನ್ನು ಓದುವವರಾರೆಂದು ಅವನಿಗೆ ಆಶ್ಚರ್ಯವಾಯಿತು. ಅಲ್ಲಿಯ ಗಡೀಪಾರಾದವನೊಬ್ಬನು, ಓದುವ ಹುಲ್ಲುಗಾವಲಿನ ಮುದುಕನೊಬ್ಬನಿದ್ದಾನೆ, ಇಬ್ರಾಹೀಮ ಕೊನೊಬಾಯಿ ಎಂದು ಅವನ ಹೆಸರು, ಮೊದಲ ಭೇಟಿಯಲ್ಲಿಯೇ ಅನುಗಮನ ನಿಗಮನಗಳೆಂಬ ತರ್ಕಗಳಿಗೆ ಭೇದವೇನೆಂದು ನನ್ನನ್ನು ಕೇಳಿ ಬೆರಗುಗೊಳಿಸಿದನು ಎಂದು ತಿಳಿಸಿದನಂತೆ. ಕೆನನ್ ಇದನ್ನು ತನ್ನ ಗ್ರಂಥದಲ್ಲಿ ಬರೆದಿಟ್ಟನು. ಆ ಮುದುಕನು ನಮ್ಮ ಕವಿಯೇ. ಆಗ ಅವನಿಗೆ ವಯಸ್ಸು ನಲವತ್ತು! ಕವಿಯೆಂಬ ಕೀರ್ತಿ ಬರುವುದಕ್ಕೆ ಮೊದಲೇ, ಓದುಗನೆಂಬ ಕೀರ್ತಿಯಿಂದ ಅವನ ಹೆಸರು ಕಡಲು ದಾಟಿತು. ತನ್ನ ಜನರ ಮನೆವಾರ್ತೆಯ ಸಾಮಾನುಗಳನ್ನು ಕೂಡಿಸಿ ಆ ಪಟ್ಟಣದ ಮೊದಲ ವಸ್ತುಪ್ರದರ್ಶನಶಾಲೆಗೆ ಕೊಟ್ಟವರಲ್ಲಿಯೂ ಆತನಿದ್ದನೆಂಬುದನ್ನು ಇಲ್ಲಿ ನೆನೆಯತಕ್ಕದ್ದು.

ಕಾವ್ಯದ ವಿಷಯದಲ್ಲಿ ಆತನಿಗೆ ಬಹುಕಾಲ ಸಂಕೋಚವಿದ್ದಿತು. ದೊಡ್ಡ ಮನೆತನದವನು ಹಾಡು ಕಟ್ಟುವುದು ಗೌರವಕ್ಕೆ ತಕ್ಕುದಲ್ಲವೆಂಬ ಭಾವನೆ ಅಲ್ಲಿಯೂ ಇದ್ದಿತು. ಹಾಡುಗಾರರು ಸಿರಿವಂತರ ಬಾಗಿಲಿಗೆ ಬಂದು ಹೊಗಳಿ ಕಾಣಿಕೆ ಪಡೆಯುವವರೆಂದು ಎಣಿಕೆ. ಆದಕಾರಣ ಆತನು ತನ್ನ ಕವಿತೆಗಳನ್ನು ಸ್ನೇಹಿತನಾದ ಕೊಕ್‌ಬಾಯಿಯ ಹೆಸರಿನಲ್ಲಿ ಹೊರಬಿಡುತ್ತಿದ್ದನು. 1886ರಲ್ಲಿ ಬೇಸಗೆಯನ್ನು ಕುರಿತು ರಚಿಸಿದ ಕವಿತೆಯಿಂದ ಮೊದಲ್ಗೊಂಡು ಸ್ವಂತ ಹೆಸರಿನಿಂದ ಹಾಡಿದನು. ಅಲ್ಲಿಂದಾಚೆಗೆ ಹದಿನೆಂಟು ವರ್ಷವಷ್ಟೆ ಅವನಿಗೆ ದೊರೆತದ್ದು. ಅಷ್ಟರಲ್ಲಿಯೇ ಪುಷ್ಕಿನ್, ಲೆರ್ಮಂತೊವ್, ಕ್ರಿಲೊವ್ ಇವರನ್ನು ತನ್ನ ನುಡಿಗೆ ತಂದನು. ಪುಷ್ಕಿನನ ಕಾವ್ಯದಲ್ಲಿ ತತ್ಯಾನಾ ಎಂಬ ಕನ್ಯೆಯು ಬರೆಯುವ ಓಲೆಯನ್ನು ಕಜಾಕ್ ಹಾಡಾಗಿ ಮಾಡಿ ರಾಗವನ್ನೂ ಕಟ್ಟಿದನು. ಅಕ್ಷರವರಿಯದ ಹೆಣ್ಣುಮಕ್ಕಳು, ಅದು ಎಲ್ಲಿಯ ಕಥೆಯೆಂಬುದನ್ನು ತಿಳಿಯದೆಯೇ, ಬಯಲಿನ ಉದ್ದಗಲಕ್ಕೂ ಅದನ್ನು ಹಾಡಿದರು. ಜರ್ಮನಿಯ ಗಯಟೆಯ ಕಿರುಗವಿತೆಯೊಂದು ಲೆರ್ಮಂತೊವನ ರಷ್ಯನ್ ಭಾಷೆಯ ಮೂಲಕ ಹಾಯ್ದು ಅಬಾಯಿಯ ಕೈಯಲ್ಲಿ ಇರುಳ ಬೆಟ್ಟದ ಹಾಡಾದುದು ಹೀಗೆಯೇ. ಸಂಗ್ರಹಾಲಯದಲ್ಲಿ ಕವಿಯ ವಾದ್ಯವೆಂದು ತೋರಿಸುವ ದೊಂಬ್ರಕ್ಕೆ ಮೂರು ತಂತಿಗಳಿವೆ. ಸಾಧಾರಣವಾಗಿ ದೊಂಬ್ರಕ್ಕೆ ಎರಡೇ ತಂತಿ. ಮೂರು ಕಟ್ಟುವುದು ಈ ಸೀಮೆಯ ವಾಡಿಕೆ.

ಪದ್ಯಕ್ಕಿಂತ ನನಗೆ ಹತ್ತಿರವಾದುದು ಆತನ ಗದ್ಯ. 1890ರಿಂದ 1898ರವರೆಗೆ ಆತನು ನಲವತ್ತೈದು ನುಡಿಗಳನ್ನು ಬರೆದನು. ಗದ್ಯಕ್ಕೆ ಅವರ ಭಾಷೆಯಲ್ಲಿ ಕರಾ ಸೋಜ್ ಎನ್ನುವರು. ಕರಾ ಎಂದರೆ ನಮ್ಮ ಕರಿಯೇ. ರಾಗವಿಲ್ಲದ, ಒಡವೆಯಿಲ್ಲದ ಬರಿಯ ಮಾತು. ಆಳುವುದೋ, ಮಂದೆ ಕಾಯುವುದೋ, ಶಾಸ್ತ್ರ ಹೇಳುವುದೋ, ಮಕ್ಕಳನ್ನು ಓದಿಸುವುದೋ ಎಂದು ಒಂದೊಂದನ್ನೇ ಎತ್ತಿ, ಯಾವುದೂ ತನಗೆ ಒಗ್ಗದೆಂದು ಬಿಟ್ಟು, ಕಾಗದ ಮಸಿಗಳನ್ನೇ ಒಡನಾಡಿಗಳನ್ನಾಗಿ ಮಾಡಿಕೊಳ್ಳುವೆನೆಂದು ಅದರ ಮೊದಲ ನುಡಿಯಲ್ಲಿ ಹೇಳಿಕೊಂಡಿದ್ದಾನೆ. ತನ್ನ ಜನರ ಸೋಮಾರಿತನ, ಹೊಟ್ಟೆಕಿಚ್ಚು, ಚಾಡಿ, ವ್ಯಾಜ್ಯಪ್ರೀತಿ ಇವುಗಳನ್ನು ಆತನು ಬಯ್ದಷ್ಟು ಶತ್ರುಗಳೂ ಬಯ್ದಿರಲಾರರು. ಆದರೆ ಬಯ್ಗುಳದ ಕೆಳಗೆ ಮಮತೆಯಿಲ್ಲದಿದ್ದರೆ ಆ ಜನರು ಅದನ್ನು ಇಷ್ಟು ಕಾಲ ಜೋಪಾನ ಮಾಡುತ್ತಿರಲಿಲ್ಲ. ಬಯ್ಸಿಕೊಂಡವರಲ್ಲಿ ಕೆಲವರು ಸುಮ್ಮನಿರಲಿಲ್ಲವೆಂಬುದೂ ದಿಟ. 1898ರಲ್ಲಿ ಮುಕಿರ್ ಎಂಬಲ್ಲಿ ಚುನಾವಣೆಯ ಸಂದರ್ಭದಲ್ಲಿ ಐವತ್ತು ದಾಟಿದ ಕವಿಯ ಮೇಲೆ ವಿರೋಧಿಗಳು ಕೈಮಾಡಿದರು. 1903ರಲ್ಲಿ ಪೋಲೀಸರು ಆತನ ಬಿಡಾರವನ್ನು ಶೋಧಿಸಿದರು.

ಇವೆಲ್ಲವನ್ನೂ ತಡೆದುಕೊಂಡವನನ್ನು ಮುರಿದದ್ದು ಮನೆಯ ದುಃಖ. ಅಬ್ದ್ರಖ್ಮಾನನೆಂಬ ಮಗನು ರಾಜಧಾನಿಯಾದ ಸೆಂಟ್ ಪೀಟರ್ಸ್‌ಬರ್ಗಿನಲ್ಲಿ ತೋಪುಖಾನೆಯ ವಿದ್ಯೆಯನ್ನು ಕಲಿತು ಅಧಿಕಾರಿಯಾದವನು. ತಂದೆಯ ಆಸೆಯೆಲ್ಲ ಅವನ ಮೇಲೆ. ಅವನು 1895ರಲ್ಲಿ, ಈಗ ಅಲ್ಮಾಟಿಯೆನಿಸಿದ ವೆರ್ನಿ ಎಂಬ ಊರಿನಲ್ಲಿ ರೋಗದಿಂದ ತೀರಿಕೊಂಡನು. ಗಂಡನು ಸತ್ತಾಗ ಹೆಂಡತಿಯು ಹಾಡಿಕೊಂಡು ಅಳುವುದು ಆ ಜನರ ಸಂಪ್ರದಾಯ. ಎಳೆಯ ವಿಧವೆ ಮಾಗಿಶಳಿಗೆ ಆ ಶೋಕಗೀತೆಯನ್ನು ಕಟ್ಟಿಕೊಟ್ಟವನು ಮಾವನಾದ ಅಬಾಯಿಯೇ. ಮಗನನ್ನು ಕಳೆದುಕೊಂಡ ತಂದೆಯು ತನ್ನ ದುಃಖವನ್ನು ಸೊಸೆಯ ಬಾಯಲ್ಲಿ ಇಟ್ಟು ಕೇಳಿದನು. ಇದಕ್ಕಿಂತ ಕಠಿನವಾದ ಕವಿಕರ್ಮವುಂಟೇ? 1904ರ ವಸಂತದಲ್ಲಿ ಇನ್ನೊಬ್ಬ ಮಗ ಮಗಾವಿಯನೂ ಹೋದನು. ಅವನ ನಲವತ್ತನೆಯ ದಿನದ ವೇಳೆಗೆ, ಜುಲೈ 6ರಂದು, ತಂದೆಯೂ ಕಣ್ಣುಮುಚ್ಚಿದನು.

ಆಗ ಅಬಾಯಿಯ ಕವಿತೆಗಳು ಎಲ್ಲಿದ್ದುವು? ಜನರ ನಾಲಗೆಯಲ್ಲಿದ್ದುವು; ಚೂರುಪಾರು ಕಾಗದಗಳಲ್ಲಿದ್ದುವು. ಮನೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮುರ್ಸೆಯಿತನೆಂಬ ಲಿಪಿಕಾರನು ಅವನ್ನು ಅರಬ್ಬಿ ಅಕ್ಷರಗಳಲ್ಲಿ ಪ್ರತಿಮಾಡಿದನು. 1905, 1907, 1910ನೆಯ ಇಸವಿಗಳಲ್ಲಿ ಅವನು ಬರೆದ ಪ್ರತಿಗಳು ಉಳಿದುಕೊಂಡಿವೆ. ಇಂದಿಗೂ ವಿದ್ವಾಂಸರಿಗೆ ಅವೇ ಆಧಾರ. ತಮ್ಮನ ಮಗ ಕಾಕಿತಾಯಿಯೂ ಮಗ ತುರಾಗುಲನೂ ಸೇರಿ ಕವಿತೆಗಳನ್ನು ಅಣಿಮಾಡಿ, ಸೆಂಟ್ ಪೀಟರ್ಸ್‌ಬರ್ಗಿನ ಬೊರಗಾನ್‌ಸ್ಕಿಯ ಮುದ್ರಣಾಲಯದಲ್ಲಿ 1909ರಲ್ಲಿ ಮೊದಲ ಪುಸ್ತಕವನ್ನು ಅಚ್ಚುಮಾಡಿಸಿದರು. ಕಾಕಿತಾಯಿಯು ದೊಡ್ಡಪ್ಪನ ಜೀವನಚರಿತ್ರೆಯನ್ನೂ ಅದರಲ್ಲಿ ಬರೆದನು. ಮನೆಯವರು ಹಿರಿಯರಿಗೆ ಮಾಡಿದ ಶ್ರಾದ್ಧಗಳಲ್ಲಿ ಇದಕ್ಕಿಂತ ಫಲಕಾರಿಯಾದುದು ಅಪರೂಪ.

ಮುಂದಿನ ಕಾಲವು ಆ ಮನೆತನಕ್ಕೆ ಒಳ್ಳೆಯದಾಗಲಿಲ್ಲ. ಹೊಸ ಸರಕಾರವು ಸಿರಿವಂತರ ಮಂದೆಗಳನ್ನು ಮುಟ್ಟುಗೋಲು ಹಾಕಿಕೊಂಡಾಗ ತುರಾಗುಲನು ಊರು ಬಿಟ್ಟು ದೂರ ಹೋಗಬೇಕಾಯಿತು. 1934ರಲ್ಲಿ ದಕ್ಷಿಣದ ಶಿಮ್‌ಕೆಂತಿನಲ್ಲಿ ತೀರಿಕೊಂಡನು. ಹೋಗುವ ಮೊದಲು ತಂದೆಯ ನೆನಪುಗಳನ್ನು ಬರೆದಿಟ್ಟಿದ್ದನೆಂಬುದು ನಮ್ಮ ಪುಣ್ಯ. ಅಬಾಯಿಯೇ ತಿದ್ದಿ ಬೆಳೆಸಿದ್ದ ಅಣ್ಣನ ಮಗ, ಶಾಕರಿಮನೆಂಬ ಕವಿಯನ್ನು, 1931ರಲ್ಲಿ ಬೆಟ್ಟದ ಹಾದಿಯಲ್ಲಿ ಗುಂಡಿಟ್ಟು ಕೊಂದರು. ಅದೇ ವರ್ಷಗಳಲ್ಲಿ ಬಂದ ಕ್ಷಾಮವು ಕಜಾಕಸ್ಥಾನದಲ್ಲಿ ಹತ್ತು ಲಕ್ಷಕ್ಕೂ ಮೀರಿ ಜನರನ್ನು ನುಂಗಿತು. ಹಾಡುಗಳನ್ನು ಬಾಯಲ್ಲಿ ಹೊತ್ತಿದ್ದವರೇ ಮಣ್ಣುಪಾಲಾದ ಆ ಸಮಯದಲ್ಲಿ, ಬರೆದಿಟ್ಟವರ ಬೆಲೆ ಎಂತಹದೆಂದು ಊಹಿಸಿಕೊಳ್ಳಬಹುದು.

ಉಳಿದುದನ್ನು ಎತ್ತಿ ನಿಲ್ಲಿಸಿದವರಲ್ಲಿ ಇಬ್ಬರ ಹೆಸರನ್ನು ಹೇಳಲೇಬೇಕು. ಒಬ್ಬನು ಮುಖ್ತಾರ್ ಅವೆಜೊವ್. ಅವನ ಅಜ್ಜನು ಮೊಮ್ಮಗನಿಗೆ ಅಕ್ಷರ ತಿದ್ದಿಸಿದ್ದು ಅಬಾಯಿಯ ಕವಿತೆಗಳ ಹಸ್ತಪ್ರತಿಯಿಂದ. ಅವನು 1933ರಲ್ಲಿ ಕವಿಯ ಸಂಪೂರ್ಣಕೃತಿಗಳನ್ನು ಸಿದ್ಧಪಡಿಸಿದನು. ಬಳಿಕ ಕವಿಯ ಬಾಳನ್ನೇ ನಾಲ್ಕು ಸಂಪುಟಗಳ ಕಾದಂಬರಿಯಾಗಿ ಬರೆದನು. ಅದಕ್ಕೆ 1949ರಲ್ಲಿ ಸ್ತಾಲಿನ್ ಬಹುಮಾನ ಬಂದಿತು. ನಾಲ್ಕೇ ವರ್ಷಗಳಲ್ಲಿ ಅದೇ ಲೇಖಕನು ಆಪಾದನೆಗಳಿಗೆ ಅಂಜಿ ಮಾಸ್ಕೋವಿಗೆ ಓಡಿಹೋಗಬೇಕಾಯಿತು. ಇನ್ನೊಬ್ಬನು ಸಂಗ್ರಹಾಲಯದ ಮೊದಲ ಅಧ್ಯಕ್ಷನಾಗಿದ್ದ ಕಯಿಮ್ ಮುಖಮೆದ್‌ಖಾನೊವ್. ಅಬಾಯಿಯ ಸುತ್ತ ಬೆಳೆದ ಶಿಷ್ಯಕವಿಗಳನ್ನು ಕುರಿತು ಅವನು ಸಂಶೋಧನೆ ನಡೆಸಿ ಪ್ರಬಂಧ ಬರೆದನು. ಆ ಶಿಷ್ಯರಲ್ಲಿ ಹೆಸರೆತ್ತಬಾರದವರೂ ಇದ್ದರು. 1951ರಲ್ಲಿ ಅವನನ್ನು ಹಿಡಿದು ಇಪ್ಪತ್ತೈದು ವರ್ಷದ ಶಿಕ್ಷೆ ವಿಧಿಸಿದರು. ಸ್ತಾಲಿನನ ಮರಣಾನಂತರ ಬಿಡುಗಡೆಯಾಗಿ ಬಂದವನು ಪುನಃ ಅದೇ ವಿಷಯವನ್ನು ಕೈಗೆತ್ತಿಕೊಂಡು 2004ರವರೆಗೆ ಬಾಳಿದನು. ಗಾಜಿನ ಪೆಟ್ಟಿಗೆಗಳ ಮುಂದೆ ನಿಂತು ನೋಡುವವರು ಈ ಮನುಷ್ಯನನ್ನು ಒಂದು ಕ್ಷಣ ನೆನೆಯುವುದು ನ್ಯಾಯ.

ಪಟ್ಟಣದ ಸಂಗ್ರಹಾಲಯವನ್ನು ನೋಡಿದ ಮೇಲೆ ಜಿದೆಬಾಯಿಗೆ ಹೋಗದೆ ಹಿಂದಿರುಗಬಾರದು. ಸೆಮೆಯಿಂದ ದಕ್ಷಿಣಕ್ಕೆ ಇನ್ನೂರು ಕಿಲೋಮೀಟರಿಗೆ ತುಸು ಕಡಮೆ ದೂರ. ಕವಿಯು ಕೊನೆಯ ವರ್ಷಗಳ ಚಳಿಗಾಲವನ್ನು ಕಳೆದ ಮನೆ ಅಲ್ಲಿದೆ. ಅದೂ ಇದೇ ಸಂಸ್ಥೆಗೆ ಸೇರಿದುದು. ಈ ಸೀಮೆಗೆ ತಾಗಿದಂತೆ ಪಶ್ಚಿಮದಲ್ಲಿ ಸೋವಿಯತ್ ಸರಕಾರವು ಹದಿನೆಂಟು ಸಾವಿರ ಚದರ ಕಿಲೋಮೀಟರಿಗೂ ಮೀರಿದ ಬಯಲನ್ನು ಬೇಲಿಯೊಳಗೆ ಹಾಕಿಕೊಂಡು 1949ರ ಆಗಸ್ಟ್ 29ರಂದು ತನ್ನ ಮೊದಲ ಅಣುಬಾಂಬನ್ನು ಸಿಡಿಸಿತು. 1989ರವರೆಗೆ ನಡೆದ ಪರೀಕ್ಷೆಗಳು 456. 1953ರ ಆಗಸ್ಟಿನಲ್ಲಿ ಜಲಜನಕದ ಬಾಂಬಿನ ಪರೀಕ್ಷೆಗೆ ಮೊದಲು ಕವಿಯ ಸೀಮೆಯ ಹಳ್ಳಿಗರನ್ನು ಎಬ್ಬಿಸಿ ಬೇರೆಡೆಗೆ ಸಾಗಿಸಿದರು. ಕರಾವುಲ್ ಗ್ರಾಮದಲ್ಲಿ ಕೆಲವರು ಗಂಡಸರನ್ನು ಅಲ್ಲಿಯೇ ಇರಿಸಿದರು. ವಲಸೆ ಹೋಗುವುದು ಆ ಜನರಿಗೆ ಹೊಸದಲ್ಲ. ಹುಲ್ಲಿಗಾಗಿ ಅಲ್ಲದೆ ಬೆಂಕಿಗಾಗಿ ಹೋದದ್ದು ಹೊಸದು. ಮಕ್ಕಳು ಮೊಮ್ಮಕ್ಕಳ ದೇಹದಲ್ಲಿ ಅದರ ವಿಷವು ಇನ್ನೂ ಕಾಣಿಸಿಕೊಳ್ಳುತ್ತಿದೆ. 1989ರ ಫೆಬ್ರವರಿಯಲ್ಲಿ ಒಲ್ಜಾಸ್ ಸುಲೇಮೆನೊವ್ ಎಂಬ ಕವಿಯು ದೂರದರ್ಶನದಲ್ಲಿ ಕವಿತೆಯೋದಲು ಬಂದು, ಕವಿತೆಯನ್ನು ಬದಿಗಿಟ್ಟು, ಈ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಜನರಿಗೆ ಮೊರೆಯಿಟ್ಟನು. 1991ರ ಆಗಸ್ಟ್ 29ರಂದು ಆ ಸ್ಥಳವನ್ನು ಮುಚ್ಚಿದರು. ಸೆಮೆಯ್ ನಗರದಲ್ಲಿ ಮಗುವಿನ ಮೇಲೆ ತನ್ನ ಮೈಯನ್ನೇ ಮುಚ್ಚಿ ಬಾಗಿರುವ ತಾಯಿಯ ಶಿಲ್ಪವೊಂದನ್ನು 2001ರಲ್ಲಿ ನಿಲ್ಲಿಸಿದ್ದಾರೆ.

ಜಿದೆಬಾಯಿಯಲ್ಲಿ ಕವಿಯ ಸಮಾಧಿಯ ಪಕ್ಕದಲ್ಲಿ ತಮ್ಮ ಒಸ್ಪಾನನ ಸಮಾಧಿಯಿದೆ. ಮೂರನೆಯವನು ತಡವಾಗಿ ಬಂದನು. ಶಾಕರಿಮನನ್ನು ಕೊಂದವರು ಹೆಣವನ್ನು ನೀರಿಲ್ಲದ ಬಾವಿಯೊಂದಕ್ಕೆ ಹಾಕಿದ್ದರು. ಅವನ ಮಗ ಅಖಾತನು ತಾನೂ ಸೆರೆಮನೆಗಳನ್ನು ಕಂಡು ಬಂದವನು. ಬಾವಿಯನ್ನು ಹುಡುಕಿಸಿ, 1961ರಲ್ಲಿ ಎಲುಬುಗಳನ್ನು ಮೇಲಕ್ಕೆತ್ತಿಸಿ, ಜಿದೆಬಾಯಿಗೆ ತಂದು ಅಬಾಯಿಯ ಹತ್ತಿರ ಮಣ್ಣುಮಾಡಿದನು. ಈಗ ಅಬಾಯಿಗೂ ಶಾಕರಿಮನಿಗೂ ಒಂದೊಂದು ಬಿಳಿಯ ಗೋಪುರವಿದೆ; 1995ರಲ್ಲಿ ಕಟ್ಟಿದುವು. ಸುತ್ತ ಮನೆಗಳಿಲ್ಲದ ಬಯಲಾದುದರಿಂದ ಅವೆರಡೂ ಬಹುದೂರದಿಂದಲೇ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ.